ಮೊಣಕೈ ನೋವಿರುವವರ ಕೈಗೆ ಮೂರು ಸಾಂಪ್ರದಾಯಿಕ ಬಿಲ್ಲುಗಳು

ಸಾಂಪ್ರದಾಯಿಕ ಬಿಲ್ಲು ಕೊಳ್ಳಲು ಹೊರಟವರು ಮೊದಲು ಕೇಳುವುದು ಅದು ಎಷ್ಟು ಪೌಂಡಿನದು ಎಂದು. ಆದರೆ 28 ಅಂಗುಲ ಎಳೆದಾಗ 30 ಪೌಂಡ್, ಅಂದರೆ ಸುಮಾರು 13.6 ಕಿಲೋಗ್ರಾಂ ಬಲ ಬೇಡುವ ಮೂರು ಬೇರೆ ಬೇರೆ ಬಗೆಯ ಬಿಲ್ಲುಗಳನ್ನು ಬಳಸಿ ನೋಡಿದ ಮೇಲೆ, ತೋಳಿನ ನೋವಿಗೂ ಆ ಅಂಕಿಗೂ ಇರುವ ನಂಟು ಬಹಳ ಸಡಿಲವಾದದ್ದು ಎಂದೇ ನನಗನ್ನಿಸಿದೆ. ನನ್ನ ಎಡ ಮೊಣಕೈಯ ಹೊರಬದಿಯಲ್ಲಿ ಟೆನಿಸ್ ಎಲ್ಬೋ ಎಂದು ಕರೆಯುವ ಹಳೆಯ ನೋವಿದೆ. ಬಿಲ್ಲು ಹಿಡಿಯುವ ಕೈಯೂ ಅದೇ. ಹಾಗಾಗಿ ಗುರಿಯ ನಿಖರತೆಯನ್ನು ಬದಿಗಿಟ್ಟು, ಕೈಗೆ ಯಾವುದು ಹಿತ ಎಂಬುದನ್ನಷ್ಟೇ ಇಲ್ಲಿ ನೋಡಿದ್ದೇನೆ.

ಮೊದಲನೆಯದು ನಮ್ಮ ದೇಶದ ಇಂಡಿಯನ್ ರೌಂಡ್ ಸ್ಪರ್ಧೆಗಳಲ್ಲಿ 30 ಮತ್ತು 50 ಮೀಟರ್ ದೂರಕ್ಕೆ ಬಳಸುವ ಮಾದರಿಯ ಬಿದಿರಿನ ಉದ್ದ ಬಿಲ್ಲು. ಮೂರರಲ್ಲಿ ಬೆಲೆಯೂ ಇದರದೇ ಕಡಿಮೆ, ತೂಕವೂ ಇದರದೇ ಕಡಿಮೆ. ಉದ್ದವಿರುವುದರಿಂದ ಎಳೆತದ ಭಾರ ಕೊನೆಯವರೆಗೂ ಒಂದೇ ಸಮನೆ ಏರುತ್ತದೆ, ಎಳೆಯುವ ಬೆರಳುಗಳಿಗೆ ಹಿಂಸೆಯಿಲ್ಲ. ತೊಂದರೆಯೆಲ್ಲ ಹೆದೆ ಬಿಟ್ಟ ಮೇಲೆ. ಬಾಣವು ಹೊತ್ತೊಯ್ಯದೆ ಉಳಿಸಿಹೋದ ಶಕ್ತಿ ಬಿಲ್ಲಿನ ಎರಡೂ ತೋಳುಗಳನ್ನು, ಅಂದರೆ ಹಿಡಿಯ ಮೇಲೂ ಕೆಳಗೂ ಇರುವ ಬಾಗುವ ಭಾಗಗಳನ್ನು, ನಡುಗಿಸುತ್ತದೆ. ತುದಿಗಳು ಭಾರವಾಗಿದ್ದಷ್ಟೂ ಆ ನಡುಕ ಹಿಡಿಯ ಮೂಲಕ ಮಣಿಕಟ್ಟಿಗೂ ಅಲ್ಲಿಂದ ಮೊಣಕೈಗೂ ಏಟಿನಂತೆ ತಲುಪುತ್ತದೆ. ಬಿಲ್ಲುಗಾರರು ಹ್ಯಾಂಡ್ ಶಾಕ್ ಎನ್ನುವುದು ಇದನ್ನೇ. ನನಗೆ ಸಿಕ್ಕ ಬಿಲ್ಲಿನ ತುದಿಗಳನ್ನು ಕೆತ್ತಿ ತೆಳುವಾಗಿಸದೆ ಹೆಬ್ಬೆರಳಿನಷ್ಟು ದಪ್ಪ ಬಿಟ್ಟಿದ್ದರು. ಹಿಡಿಯೋ, ಹುರಿ ಸುತ್ತಿದ ಬರಿಯ ದುಂಡು ಕೋಲು. ಜಾರದಿರಲೆಂದು ಕೈ ತಾನಾಗಿ ಮುಷ್ಟಿ ಬಿಗಿಯುತ್ತದೆ, ಬಿಗಿದ ಮುಷ್ಟಿಯ ಭಾರವನ್ನು ಹೊರುವುದು ಮೊಣಕೈಯ ಹೊರಬದಿಗೆ ಅಂಟಿಕೊಂಡ ಆ ನೊಂದ ಸ್ನಾಯುಗಳೇ.

ಇದಕ್ಕೆ ಅಗ್ಗದ ಪರಿಹಾರ ಭಾರದ ಬಾಣ. ಬಿಲ್ಲಿನ ಪ್ರತಿ ಪೌಂಡಿಗೆ ಬಾಣದ ತೂಕ ಹತ್ತು ಗ್ರೇನ್ (ಬಾಣ ತೂಗುವ ಸಣ್ಣ ಮಾನ) ಎಂಬ ಲೆಕ್ಕದಲ್ಲಿ ಈ ಬಿಲ್ಲಿಗೆ 300 ಗ್ರೇನ್, ಅಂದರೆ ಹತ್ತಿರಹತ್ತಿರ 19.5 ಗ್ರಾಂ ತೂಕದ ಬಾಣ ಬೇಕಾಗುತ್ತದೆ. ಹಗುರವಾದ ಕಾರ್ಬನ್ ಬಾಣವನ್ನು ಬಿಟ್ಟು ಅಷ್ಟು ತೂಕದ ಬಾಣ ಹೂಡಿದಾಗ ಠಣ್ಣೆನ್ನುತ್ತಿದ್ದ ಹೆದೆಯ ಸದ್ದು ಮೆತ್ತಗಾಯಿತು, ಏಟೂ ಗಮನಕ್ಕೆ ಬರುವಷ್ಟು ಇಳಿಯಿತು, ಆದರೆ ಪೂರ್ತಿ ಹೋಗಲಿಲ್ಲ. ಉದ್ದ ಬಿಲ್ಲಿನ ಬಾಧೆ ಹೊಸದೇನಲ್ಲ ಬಿಡಿ: 1545ರಲ್ಲಿ ಮುಳುಗಿ 1982ರಲ್ಲಿ ಮೇಲೆತ್ತಲಾದ ಇಂಗ್ಲೆಂಡಿನ ಮೇರಿ ರೋಸ್ ಹಡಗಿನಲ್ಲಿ ಸಿಕ್ಕ ಬಿಲ್ಲುಗಳಲ್ಲಿ ಅನೇಕವು 100 ಪೌಂಡ್ ಮೀರಿದವೆಂದು ಅಂದಾಜಿಸಲಾಗಿದೆ, ಅಲ್ಲಿ ದೊರೆತ ಅಸ್ಥಿಪಂಜರಗಳ ಭುಜದ ಮೂಳೆಗಳಲ್ಲಿ ಕಂಡ ಬದಲಾವಣೆಗಳಿಗೆ ಬಿಲ್ಲುವಿದ್ಯೆಯೇ ಕಾರಣವಿರಬೇಕೆಂದು ವಿದ್ವಾಂಸರು ವಾದಿಸಿದ್ದಾರೆ.

ಎರಡನೆಯದು ಕೊರಿಯಾದ ಕೊಂಬಿನ ಬಿಲ್ಲಿನ ಆಕಾರದಲ್ಲಿ ಫೈಬರ್‌ಗ್ಲಾಸ್ ಬಳಸಿ ಮಾಡಿದ ಗಿಡ್ಡ ಬಿಲ್ಲು. ಆ ದೇಶದ ಬಿಲ್ಲುಗಾರರು ಇಂಥದ್ದರಲ್ಲೇ 145 ಮೀಟರ್ ದೂರದ ಗುರಿಗೆ ಹೊಡೆಯುತ್ತಾರೆ. ಇದರ ತೋಳುಗಳು ಗಿಡ್ಡವೂ ಹಗುರವೂ ಆಗಿರುವುದರಿಂದ ಎಡಗೈಗೆ ಏಟೇ ಇಲ್ಲವೆನ್ನಬಹುದು. (ಏಷ್ಯಾದ ಕೊಂಬಿನ ಬಿಲ್ಲುಗಳೆಲ್ಲವೂ ಹೀಗೆಂದು ತಿಳಿಯಬಾರದು, ಈಶಾನ್ಯ ಚೀನಾದ ಮಂಚು ಜನರ ಬಿಲ್ಲಿನ ಉದ್ದನೆಯ ಭಾರದ ತುದಿಗಳು ಹಗುರ ಬಾಣ ಹೂಡಿದರೆ ಚೆನ್ನಾಗಿಯೇ ಒದೆಯುತ್ತವೆ.) ಇಲ್ಲಿ ನೋವು ಬಲಗೈಗೆ ದಾಟುತ್ತದೆ. ಪೂರ್ತಿ ಎಳೆದಾಗ ಹೆದೆಯ ಕೋನ ಕಿರಿದಾಗಿ ಮೂರು ಬೆರಳುಗಳೂ ಒಂದಕ್ಕೊಂದು ಒತ್ತಿ ಹಿಸುಕಿಕೊಳ್ಳುತ್ತವೆ. ಉಂಗುರ ತೊಟ್ಟ ಹೆಬ್ಬೆರಳಿನಿಂದ ಎಳೆಯುವುದೇ ಈ ಬಿಲ್ಲಿನ ನಿಜವಾದ ಕ್ರಮ, ಹಾಗೆ ಎಳೆದರೆ ಹಿಸುಕಾಟ ಇರುವುದಿಲ್ಲ. ಆದರೆ ಆ ಕ್ರಮದಲ್ಲಿ ಕೈ ಕಿವಿಯಾಚೆಗೆ ಹೋಗುತ್ತದೆ. ಅಂಗುಲಕ್ಕೆ ಎರಡರಿಂದ ಮೂರು ಪೌಂಡ್ ಏರುವ ಲೆಕ್ಕದಲ್ಲಿ 31 ಅಂಗುಲ ಎಳೆದವರು 30 ಪೌಂಡಿನ ಬಿಲ್ಲಿನಲ್ಲಿ 36ರಿಂದ 39 ಪೌಂಡ್ ಎಳೆಯುತ್ತಿರುತ್ತಾರೆ. ಭುಜ ನೋಯುವವರು ಅದಕ್ಕೆ ತಕ್ಕಂತೆ ಕಡಿಮೆ ಪೌಂಡಿನದನ್ನೇ ಕೊಳ್ಳಬೇಕು.

ಮೂರನೆಯದು ಸ್ಯಾಮಿಕ್ ಸೇಜ್, 62 ಅಂಗುಲದ ಟೇಕ್‌ಡೌನ್ ರಿಕರ್ವ್, ಅಂದರೆ ತೋಳುಗಳನ್ನು ಬಿಚ್ಚಿ ಜೋಡಿಸಬಹುದಾದ, ತುದಿಗಳು ಮುಂದಕ್ಕೆ ಬಾಗಿದ ಬಿಲ್ಲು. ಮರದ ದಪ್ಪ ರೈಸರ್, ಅಂದರೆ ಹಿಡಿಯಿರುವ ನಡುಭಾಗ, ನಡುಕವನ್ನು ಬಹುಪಾಲು ತಾನೇ ನುಂಗಿಕೊಳ್ಳುತ್ತದೆ, ಕೆತ್ತಿದ ಹಿಡಿಯು ಹೆಬ್ಬೆರಳ ಬುಡದ ಮೇಲೆ ಕೂರುವುದರಿಂದ ಮುಷ್ಟಿ ಬಿಗಿಯಬೇಕಾಗಿಲ್ಲ. ರೈಸರಿನ ಭಾರಕ್ಕೆ ಅಭ್ಯಾಸದ ಕೊನೆಗೆ ಎಡಭುಜ ದಣಿಯುವುದುಂಟು. ಇದರ ದೊಡ್ಡ ಅನುಕೂಲ ಬೇರೆಯೇ ಇದೆ: 25 ಪೌಂಡಿನಿಂದ 60ರವರೆಗಿನ ತೋಳುಗಳು ಬಿಡಿಯಾಗಿ ಸಿಗುತ್ತವೆ, ನೋವು ಹೆಚ್ಚಾದ ಕಾಲದಲ್ಲಿ ಎರಡು ಬೋಲ್ಟ್ ಬಿಚ್ಚಿ ಹಗುರ ತೋಳು ಹಾಕಿಕೊಂಡು ಅಭ್ಯಾಸ ಮುಂದುವರಿಸಬಹುದು. ನೋಟದಲ್ಲಿ ಬಿದಿರಿನ ಬಿಲ್ಲಿನ ಚೆಲುವು ಇದಕ್ಕಿಲ್ಲ, ಆದರೂ ಮೊಣಕೈ ನೋವಿರುವವರಿಗೆ ನಾನು ಹೇಳುವುದು ಇದನ್ನೇ, ಅದೂ 25 ಪೌಂಡಿನ ತೋಳುಗಳೊಂದಿಗೆ.

ಯಾವುದನ್ನೇ ಕೊಳ್ಳಲಿ, ಅಂಗಡಿಯಲ್ಲಿ ಬರಿದೇ ಹೆದೆ ಎಳೆದು ನೋಡಿದರೆ ಸಾಲದು, ಏಕೆಂದರೆ ಎಡಗೈಗೆ ಆಗುವುದೆಲ್ಲ ಬಿಟ್ಟ ಮೇಲಿನದು; ಬಾಣವಿಲ್ಲದೆ ಹೆದೆ ಬಿಟ್ಟರೆ ಬಿಲ್ಲೇ ಸೀಳಿಹೋಗಬಹುದು. ಹತ್ತಾರು ಬಾಣ ಹೊಡೆದು ನೋಡಲು ಜಾಗ ಕೊಡುವ ಅಂಗಡಿ ಸಿಕ್ಕರೆ ಬೆಲೆ ನೂರಿನ್ನೂರು ಹೆಚ್ಚಾದರೂ ಅಲ್ಲೇ ಕೊಳ್ಳುವುದು ಲೇಸು.