ಕ್ಯಾಲೊರಿ ಕಡಿಮೆ ಮಾಡೋಕೆ ಮುಂಚೆ ಒಂದು ತಕ್ಕಡಿ, ಒಂದು ನೋಟ್‌ಬುಕ್: ವರ್ಷ ದಾಟಿದ ಮೇಲಿನ ವಿಮರ್ಶೆ

ಅಡುಗೆಮನೆಗೆ ಡಿಜಿಟಲ್ ತಕ್ಕಡಿ ತಂದು ವರ್ಷ ದಾಟಿದೆ. ಆನ್‌ಲೈನಿನಲ್ಲಿ ಎಲ್ಲ ಕಡೆ ಸಿಗುವ ಬಿಳಿ ಪ್ಲಾಸ್ಟಿಕ್ಕಿನದು. ಹತ್ತು ಕೆಜಿವರೆಗೆ ತೂಗುತ್ತದೆ, ಒಂದೊಂದು ಗ್ರಾಂ ವ್ಯತ್ಯಾಸವನ್ನೂ ತೋರಿಸುತ್ತದೆ. ಗೋಡೆ ಗಡಿಯಾರಕ್ಕೆ ಹಾಕುವ ಸೆಲ್ ಎರಡು ಬೇಕು. ಕೊಂಡಾಗ ಐನೂರು ರೂಪಾಯಿಯೊಳಗಿತ್ತು. ತೂಕ ಇಳಿಸಬೇಕು, ಏನು ಮಾಡಲಿ ಅಂತ ಯಾರಾದರೂ ಕೇಳಿದರೆ, ಡಯಟ್ ಪ್ಲಾನಿಗೆ ದುಡ್ಡು ಕೊಡುವ ಮುಂಚೆ ಇದನ್ನೊಂದು ತಗೊಳ್ಳಿ, ಜೊತೆಗೆ ಒಂದು ನೋಟ್‌ಬುಕ್ ಇಟ್ಟುಕೊಳ್ಳಿ ಅಂತಲೇ ಹೇಳುತ್ತೇನೆ.

ಆದರೆ ಒಂದು ಮಾತು. ತಂದ ಮೊದಲ ಎರಡು ಮೂರು ವಾರ ಏನನ್ನೂ ಕಡಿಮೆ ಮಾಡಬೇಡಿ. ದಿನಾ ತಿನ್ನೋದನ್ನೇ ತಿನ್ನಿ. ತೂಗಿ, ಬರೆದುಕೊಳ್ಳಿ, ಅಷ್ಟೇ.

ಇದು ಯಾಕೆ ಅಂದರೆ, ನಾವು ಈಗ ಎಷ್ಟು ತಿನ್ನುತ್ತಿದ್ದೇವೆ ಅನ್ನೋದೇ ನಮಗೆ ಗೊತ್ತಿರೋದಿಲ್ಲ. ವಾಟ್ಸಾಪಿನಲ್ಲಿ ಬಂದ 1200 ಕ್ಯಾಲೊರಿಯ ಚಾರ್ಟ್ ಹಿಡಿದು ಸೋಮವಾರ ಶುರು ಮಾಡಿದರೆ, ದಿನಕ್ಕೆ 1700 ತಿನ್ನುವವರಿಗೆ ಅದು ಒಂದು ಥರ, 2400 ತಿನ್ನುವವರಿಗೆ ಇನ್ನೊಂದು ಥರ. ಎರಡನೆಯವರು ಅರ್ಧದಷ್ಟು ಊಟ ಒಂದೇ ಸಲ ಬಿಟ್ಟ ಹಾಗಾಗುತ್ತದೆ. ಗುರುವಾರದ ಹೊತ್ತಿಗೆ ಕೈ ಡಬ್ಬದೊಳಗೆ ಇರುತ್ತದೆ. 1992ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಒಂದು ಅಧ್ಯಯನ ಬಂದಿತ್ತು. 1200ಕ್ಕಿಂತ ಕಡಿಮೆ ತಿಂದರೂ ತೂಕ ಇಳಿಯುತ್ತಿಲ್ಲ ಅಂತ ಹೇಳುತ್ತಿದ್ದ ಒಂದು ಸಣ್ಣ ಗುಂಪನ್ನು ಪರೀಕ್ಷಿಸಿದರು. ಅವರು ನಿಜವಾಗಿ ತಿನ್ನುತ್ತಿದ್ದುದರಲ್ಲಿ ಸರಾಸರಿ ಶೇಕಡ 47ರಷ್ಟು ಲೆಕ್ಕಕ್ಕೇ ಬಂದಿರಲಿಲ್ಲ. ಅವರು ಸುಳ್ಳು ಹೇಳಿದರು ಅಂತ ನಾನು ಓದಿಕೊಳ್ಳುವುದಿಲ್ಲ. ಕಣ್ಣಂದಾಜು ಯಾರಿಗೂ ಸಾಲುವುದಿಲ್ಲ.

ನಮ್ಮನೆಯಲ್ಲಿ ಎಲ್ಲರ ಅನುಮಾನ ಅನ್ನ, ಮುದ್ದೆಯ ಮೇಲಿತ್ತು. ನೋಟ್‌ಬುಕ್ ಬೇರೆಯೇ ಹೇಳಿತು. ಒಂದು ಮುದ್ದೆಗೆ ನಾವು ಹಾಕುವ ರಾಗಿಹಿಟ್ಟು 80 ಗ್ರಾಂ. ನೂರು ಗ್ರಾಂ ಹಿಟ್ಟಿಗೆ ಸುಮಾರು 320 ಕ್ಯಾಲೊರಿ, ಹಾಗಾಗಿ ಮುದ್ದೆಗೆ ಹೆಚ್ಚುಕಮ್ಮಿ 255. ಸಂಜೆ ಕಾಫಿ ಜೊತೆ ಟಿವಿ ಮುಂದೆ ತಿನ್ನುವ ಖಾರಾ ಸೇವೆಯನ್ನು ಬಟ್ಟಲಿಗೆ ಹಾಕಿ ತೂಗಿದೆ: 50 ಗ್ರಾಂ. ಪ್ಯಾಕೆಟ್ಟಿನ ಮೇಲಿನ ಲೆಕ್ಕದ ಪ್ರಕಾರ ಅದೂ 250ರ ಮೇಲೆ. ಮುದ್ದೆ, ಸೊಪ್ಪಿನ ಸಾರು ಅಂದರೆ ಹೊಟ್ಟೆ ತುಂಬುವ ಊಟ. ಖಾರ ತಿಂದ ಮೇಲೂ ಊಟ ಮಾಡೇ ಮಾಡುತ್ತೇವೆ, ಅಲ್ವಾ?

ತಕ್ಕಡಿ ನಿಜಕ್ಕೂ ಕೆಲಸಕ್ಕೆ ಬಂದಿದ್ದು ಎಣ್ಣೆಯಲ್ಲಿ. ಎಣ್ಣೆ ಒಂದು ಗ್ರಾಂಗೆ 9 ಕ್ಯಾಲೊರಿ. ಅಕ್ಕಿ, ಬೇಳೆ, ಸಕ್ಕರೆ ಎಲ್ಲ ನಾಲ್ಕರ ಆಸುಪಾಸು. ಎಣ್ಣೆ ಕ್ಯಾನನ್ನು ತಕ್ಕಡಿ ಮೇಲಿಟ್ಟು ಟೇರ್ ಬಟನ್ ಒತ್ತಿ. ಸೊನ್ನೆ ಬರುತ್ತದೆ. ಕ್ಯಾನ್ ಎತ್ತಿ ಎಂದಿನ ಹಾಗೆ ಬಾಣಲೆಗೆ ಸುರಿದು ವಾಪಸ್ ಇಡಿ. ಮೈನಸ್ ಸೇರಿಸಿ ಒಂದು ಸಂಖ್ಯೆ ಬರುತ್ತದಲ್ಲ, ಅಷ್ಟು ಗ್ರಾಂ ಎಣ್ಣೆ ಬಾಣಲೆಗೆ ಹೋಗಿದೆ. ಚಮಚ ಬೇಡ, ಪಾತ್ರೆ ಜಿಡ್ಡಾಗುವುದಿಲ್ಲ. ತುಪ್ಪದ ಡಬ್ಬಿ, ಬೆಲ್ಲದ ಡಬ್ಬಿ, ಹುರಿಗಡಲೆ ಡಬ್ಬಿ, ಎಲ್ಲಕ್ಕೂ ಇದೇ ಉಪಾಯ.

ಒಂದು ಬೆಳಗಿನ ಉಪ್ಪಿಟ್ಟಿನ ಲೆಕ್ಕ ನೋಟ್‌ಬುಕ್ಕಿನಿಂದಲೇ ಕೊಡುತ್ತೇನೆ. ರವೆ 250 ಗ್ರಾಂ, ಅದರಿಂದ ಸುಮಾರು 875 ಕ್ಯಾಲೊರಿ. ಎಣ್ಣೆ 45 ಗ್ರಾಂ, 405. ಕಾಯಿತುರಿ 40 ಗ್ರಾಂ, ಸುಮಾರು 160. ಈರುಳ್ಳಿ, ಕಡಲೆಬೇಳೆ ಸೇರಿ ಒಟ್ಟು 1500 ಅಂತಿಟ್ಟುಕೊಳ್ಳಿ. ಖಾಲಿ ಬಾಣಲೆಯ ತೂಕ ಮೊದಲೇ ಬರೆದಿಟ್ಟಿದ್ದೆ. ಒಲೆಯಿಂದ ಇಳಿಸಿ ಪೂರಾ ತೂಗಿ ಅದನ್ನು ಕಳೆದರೆ ಉಪ್ಪಿಟ್ಟು ಒಂದು ಕೆಜಿ. ಅಂದರೆ ಒಂದು ಗ್ರಾಂಗೆ ಒಂದೂವರೆ ಕ್ಯಾಲೊರಿ. ನನ್ನ ತಟ್ಟೆಯಲ್ಲಿದ್ದಿದ್ದು 280 ಗ್ರಾಂ, 420 ಕ್ಯಾಲೊರಿ. ಅದರಲ್ಲಿ ಕಾಲು ಭಾಗಕ್ಕಿಂತ ಜಾಸ್ತಿ ಒಗ್ಗರಣೆ ಎಣ್ಣೆಯದು.

ಅತ್ತೆ ಪಕ್ಕದಲ್ಲೇ ನಿಂತಿದ್ದರು. "ಅಳೆದು ಹಾಕಿದರೆ ರುಚಿ ಬರುತ್ತೇನಮ್ಮಾ?" ಅಂದರು. "ನೀವು ದಿನಾ ಹಾಕೋ ಹಾಗೇ ಹಾಕಿ ಅತ್ತೆ, ನಾನು ಬರ್ಕೋತೀನಿ ಅಷ್ಟೇ" ಅಂದೆ. ಇದು ಮುಖ್ಯ. ಮನೆಯವರ ಅಡುಗೆಗೆ ಕೈ ಹಾಕದೆ ಲೆಕ್ಕ ಇಡುತ್ತಿದ್ದರೆ ಯಾರಿಗೂ ಬೇಸರವಿಲ್ಲ. ಆಮೇಲೆ ಅದೇ ಉಪ್ಪಿಟ್ಟಿಗೆ 25 ಗ್ರಾಂ ಎಣ್ಣೆ ಹಾಕಿ ನೋಡಿದವರು ಅವರೇ. ಈಗಲೂ ಅಷ್ಟೇ ಹಾಕುತ್ತಾರೆ.

ಇಡೀ ಮನೆಯ ಲೆಕ್ಕಕ್ಕೆ ಇನ್ನೂ ಸುಲಭದ ದಾರಿ ಇದೆ. ತಿಂಗಳಿಗೆ ಎಷ್ಟು ಲೀಟರ್ ಖರ್ಚಾಯಿತು ನೋಡಿ. ನಾಲ್ಕು ಜನರ ಮನೆಯಲ್ಲಿ ನಾಲ್ಕು ಲೀಟರ್ ಅಂದರೆ ಒಬ್ಬೊಬ್ಬರಿಗೆ ದಿನಕ್ಕೆ ಸುಮಾರು 30 ಗ್ರಾಂ, 270 ಕ್ಯಾಲೊರಿ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರ ಮಾರ್ಗಸೂಚಿಯಲ್ಲಿ 2000 ಕ್ಯಾಲೊರಿ ಊಟಕ್ಕೆ ಎಣ್ಣೆ, ತುಪ್ಪ ಸೇರಿ 27 ಗ್ರಾಂ ಅನ್ನುತ್ತದೆ. ಹೊರಗೆ ತಿಂದ ಬಜ್ಜಿ, ದೋಸೆಯ ಎಣ್ಣೆ ನಮ್ಮ ಕ್ಯಾನಿನಲ್ಲಿ ಕಾಣುವುದೇ ಇಲ್ಲ, ನೆನಪಿರಲಿ.

ಕಾಫಿಯ ಸಕ್ಕರೆ ಇನ್ನೊಂದು. ಮಟ್ಟ ಮಾಡಿದ ಟೀ ಚಮಚದಲ್ಲಿ 4–5 ಗ್ರಾಂ ಸಕ್ಕರೆ ಅನ್ನುತ್ತಾರೆ. ನಮ್ಮ ಮನೆಯ ಚಮಚ ತುಂಬಿ ತೆಗೆದರೆ 7. ಲೋಟಕ್ಕೆ ಎರಡು ಚಮಚ, ದಿನಕ್ಕೆ ನಾಲ್ಕು ಲೋಟ: 56 ಗ್ರಾಂ. ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಹೇಳಿದ ಮಿತಿ ಒಟ್ಟು ಕ್ಯಾಲೊರಿಯ ಶೇಕಡ 10ಕ್ಕಿಂತ ಕಡಿಮೆ, ಅಂದರೆ 2000ಕ್ಕೆ 50 ಗ್ರಾಂ. ಕಾಫಿಯೊಂದರಲ್ಲೇ ಅದು ಮುಗಿದು ಹೋಗಿತ್ತು. ಲಡ್ಡು, ಪಾಯಸ ಇನ್ನೂ ಬಂದಿಲ್ಲ!

ಮೊಬೈಲ್ ಆ್ಯಪ್ ಒಂದನ್ನೂ ಜೊತೆಗೆ ಬಳಸಿದೆ. ಇಷ್ಟವಾಗಲಿಲ್ಲ. ತೆರೆದ ಕೂಡಲೇ ಎಷ್ಟು ಕೆಜಿ ಇಳಿಸಬೇಕು ಅಂತ ಕೇಳಿ, ಒಂದು ಗುರಿ ಹಾಕಿಬಿಟ್ಟಿತು. ಸುಮ್ನೆ ಬರೆದುಕೊಳ್ಳೋಕೆ ಬಂದವರಿಗೆ ಗುರಿ ದಾಟಿದಾಗೆಲ್ಲ ಕೆಂಪು ಬಣ್ಣ ತೋರಿಸಿದರೆ, ಬರೆಯುವ ಕೈ ತಾನಾಗೇ ಕಡಿಮೆ ಬರೆಯುತ್ತದೆ, ಅಥವಾ ಬಾಯಿ ಕಡಿಮೆ ತಿನ್ನುತ್ತದೆ. ಎರಡರಲ್ಲೂ ನಿಜವಾದ ಸರಾಸರಿ ಸಿಗುವುದಿಲ್ಲ. "ಒಂದು ಬಟ್ಟಲು ಅನ್ನ" ಅಂತ ಹುಡುಕಿದರೆ ಒಂದೊಂದು ಸಾಲಿನಲ್ಲಿ ಒಂದೊಂದು ಸಂಖ್ಯೆ. ಅಕ್ಕಿಯ ತೂಕವೋ ಅನ್ನದ ತೂಕವೋ ಅನ್ನೋದೂ ಸ್ಪಷ್ಟವಿಲ್ಲ. ನೂರು ಗ್ರಾಂ ಅಕ್ಕಿ ಬೆಂದರೆ ಎರಡೂವರೆ, ಮೂರು ಪಟ್ಟು ತೂಗುತ್ತದೆ, ಇದೇನು ಸಣ್ಣ ವ್ಯತ್ಯಾಸವೇ? ನಾನು ಹಸಿ ಅಕ್ಕಿಯನ್ನೇ ತೂಗಿ ಬರೆಯುತ್ತೇನೆ. ಕ್ಯಾಲೊರಿಗೆ ಅದೇ ಪೋಷಣಾ ಸಂಸ್ಥೆಯ 2017ರ ಪಟ್ಟಿ ನೋಡುತ್ತೇನೆ. ಅದರಲ್ಲಿ ನಮ್ಮ ಸೊಪ್ಪು, ಕಾಳು, ಸಿರಿಧಾನ್ಯ ಎಲ್ಲ ಇವೆ. ಲೆಕ್ಕ ಮಾತ್ರ ಕಿಲೋಜೂಲಿನಲ್ಲಿದೆ, 4.18ರಿಂದ ಭಾಗಿಸಿಕೊಳ್ಳಬೇಕು.

ತಕ್ಕಡಿಯ ದೋಷಗಳನ್ನೂ ಹೇಳಬೇಕು. ಸ್ವಲ್ಪ ಹೊತ್ತು ಮುಟ್ಟದಿದ್ದರೆ ತಾನೇ ಆಫ್ ಆಗುತ್ತದೆ, ಟೇರ್ ಮಾಡಿದ್ದು ಹೋಗುತ್ತದೆ. ಈರುಳ್ಳಿ ಹೆಚ್ಚುತ್ತಾ ಹೆಚ್ಚುತ್ತಾ ತೂಗುವವರಿಗೆ ಇದು ದೊಡ್ಡ ತಲೆನೋವು. ದೊಡ್ಡ ಪಾತ್ರೆ ಇಟ್ಟರೆ ಸಂಖ್ಯೆ ಕಾಣುವುದಿಲ್ಲ. ಬಟ್ಟಲು ಮಗುಚಿಟ್ಟು ಅದರ ಮೇಲೆ ಪಾತ್ರೆ ಇಡಬೇಕು. ಒಂದೆರಡು ಗ್ರಾಂ ಮೆಂತ್ಯ, ಸಾಸಿವೆ ನಿಧಾನಕ್ಕೆ ಉದುರಿಸಿದರೆ ಅದಕ್ಕೆ ಗೊತ್ತೇ ಆಗುವುದಿಲ್ಲ. ಸೆಲ್ ಇಳಿದಾಗ ಸಂಖ್ಯೆ ಓಲಾಡುತ್ತದೆ. ಅನುಮಾನ ಬಂದರೆ ಹತ್ತು ರೂಪಾಯಿಯ ಹತ್ತು ನಾಣ್ಯ ಇಡಿ. 77 ಗ್ರಾಂ ಬರಬೇಕು. ನನ್ನದು ಇವತ್ತಿಗೂ 77ನ್ನೇ ತೋರಿಸುತ್ತದೆ.

ಬರೆಯುವ ವಾರಗಳಲ್ಲಿ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ದೇಹದ ತೂಕವನ್ನೂ ಬರೆಯಿರಿ. ಒಂದು ದಿನದ ಸಂಖ್ಯೆಗೆ ಬೆಲೆ ಕೊಡಬೇಡಿ. ಉಪ್ಪು, ನೀರು, ಮುಟ್ಟಿನ ದಿನಗಳು ಸೇರಿ ಒಂದೆರಡು ಕೆಜಿ ಆಚೀಚೆ ಆಗುತ್ತದೆ. ವಾರದ ಸರಾಸರಿ ಹಾಗೇ ನಿಂತಿದ್ದರೆ, ಬರೆದ ಕ್ಯಾಲೊರಿಯ ಸರಾಸರಿಯೇ ನಿಮ್ಮ ದೇಹ ದಿನಕ್ಕೆ ಖರ್ಚು ಮಾಡುವುದು. ಅದರಲ್ಲಿ 300ರಿಂದ 500 ಕಳೆಯಿರಿ, ಸಾಕು. ಭಾನುವಾರ, ಹೋಟೆಲ್ ಊಟ, ಗೃಹಪ್ರವೇಶದ ಎಲೆ, ಯಾವುದನ್ನೂ ಬಿಡಬೇಡಿ. ತೂಗೋಕೆ ಆಗದಿದ್ದರೆ "ಮಸಾಲೆ ದೋಸೆ, ಒಂದು" ಅಂತ ಬರೆದು ಪಕ್ಕದಲ್ಲಿ ಅಂದಾಜು ಅಂತ ಗುರುತು ಹಾಕಿ.

ನನಗೆ ಕಳೆಯಬೇಕಾದದ್ದು ಸಿಕ್ಕಿದ್ದು ಎಣ್ಣೆ, ಸಕ್ಕರೆ, ಸಂಜೆಯ ಖಾರದಲ್ಲಿ. ಮುದ್ದೆ, ಅನ್ನ ಮುಟ್ಟಲಿಲ್ಲ. ತೂಕ ನಿಧಾನಕ್ಕೆ ಇಳಿದು, ನಿಂತಿದೆ.

ಬಸುರಿ, ಬಾಣಂತಿಯರು, ಇನ್ಸುಲಿನ್ ತಗೊಳ್ಳುವವರು ಡಾಕ್ಟರನ್ನು ಕೇಳದೆ ಕ್ಯಾಲೊರಿ ಕಳೆಯಬೇಡಿ. ಊಟದ ಬಗ್ಗೆ ಹಿಂದೆ ವಿಪರೀತ ಆತಂಕ ಪಟ್ಟವರಿಗೆ ಈ ತೂಗುವ ಕೆಲಸವೇ ಬೇಡ. ಉಳಿದವರು ಕೊಳ್ಳುವುದಾದರೆ ಟೇರ್ ಬಟನ್ ದೊಡ್ಡದಿರುವ, ಡಿಸ್‌ಪ್ಲೇಗೆ ಬೆಳಕಿರುವ, ಮೇಲೆ ಸ್ಟೀಲ್ ತಟ್ಟೆ ಇರುವ ಮಾದರಿ ನೋಡಿ. ಪ್ಲಾಸ್ಟಿಕ್ಕಿನ ಮೇಲೆ ಅರಿಶಿನದ ಕಲೆ ಕೂತರೆ ಹೋಗುವುದಿಲ್ಲ. ನಾನಂತೂ ಮುಂದಿನ ಸಲ ಸ್ಟೀಲಿನದೇ ತರುವುದು.