ಪೈಪರಿನ್, ರೆಸರ್ಪಿನ್, ಬರ್ಬೆರಿನ್: ಪ್ರಾಜೆಕ್ಟ್‌ಗೆ ಯಾವುದು?

ಸ್ಟ್ಯಾಫಿಲೊಕಾಕಸ್ ಔರಿಯಸ್ ಬ್ಯಾಕ್ಟೀರಿಯಾ ಒಳಬಂದ ಸಿಪ್ರೊಫ್ಲಾಕ್ಸಸಿನ್ ಎಂಬ ಪ್ರತಿಜೀವಕವನ್ನು ತನ್ನ ಕೋಶಪೊರೆಯ ನೋರ್‌ಎ ಎಂಬ ಪಂಪಿನಿಂದ ಹೊರದಬ್ಬುತ್ತದೆ. ಈ ಪಂಪನ್ನು ತಡೆಯುವ ಬಗ್ಗೆ ಎಂ.ಎಸ್ಸಿ. ಪ್ರಾಜೆಕ್ಟ್ ಮಾಡುವವರಿಗೆ ಮೊದಲು ಎದುರಾಗುವ ಸಸ್ಯರಾಸಾಯನಿಕಗಳು ಈ ಮೂರು.

ಸುಲಭವಾಗಿ, ಅಗ್ಗವಾಗಿ ಸಿಗುವುದು ಕರಿಮೆಣಸಿನ ಪೈಪರಿನ್. ಬರ್ಬೆರಿನ್ ಬೇಕಿದ್ದರೆ ಶುದ್ಧರೂಪದಲ್ಲೇ ಕೊಳ್ಳಿ. ಅದಕ್ಕಾಗಿ ಪಶ್ಚಿಮಘಟ್ಟದ ಮರದರಿಶಿನ ಕಡಿಸಬೇಡಿ, ಆ ಬಳ್ಳಿ ಈಗಲೇ ವಿರಳ.

ಬಳಕೆಯಲ್ಲಿ ಹೆಚ್ಚು ಕಾಟ ಕೊಡುವುದೂ ಪೈಪರಿನ್ನೇ. ನೀರಿನಲ್ಲಿ ಕರಗುವುದು ಅತ್ಯಲ್ಪ. ಡಿಎಂಎಸ್‌ಒ ಎಂಬ ದ್ರಾವಕದಲ್ಲಿ ಮಿಲಿಲೀಟರಿಗೆ 10 ಮಿ.ಗ್ರಾಂ ಸ್ಟಾಕ್ ಮಾಡಿ, ಪರೀಕ್ಷಾ ಪ್ಲೇಟಿನ ಬಾವಿಗಳಲ್ಲಿ (ಪುಟ್ಟ ಗುಳಿಗಳಲ್ಲಿ) ಮಿಲಿಲೀಟರಿಗೆ 12.5ರಿಂದ 50 ಮೈಕ್ರೋಗ್ರಾಂ ಮಟ್ಟದಲ್ಲಿ ನೋಡಿ. ಆಗ ಡಿಎಂಎಸ್‌ಒ ಶೇ. 0.5 ಮೀರದು, ಅದೊಂದನ್ನೇ ಹಾಕಿದ ಕಂಟ್ರೋಲ್ ಬಾವಿಯೂ ಇರಲಿ. ಪೈಪರಿನ್ ಗಸಿಗಟ್ಟಿದರೆ ಪ್ಲೇಟ್ ರೀಡರ್ ಆ ಮಬ್ಬನ್ನೇ ಬ್ಯಾಕ್ಟೀರಿಯಾ ಬೆಳವಣಿಗೆಯೆಂದು ಓದುತ್ತದೆ. ಜೀವಂತ ಬ್ಯಾಕ್ಟೀರಿಯಾ ಇದ್ದಲ್ಲಿ ಬಣ್ಣ ಬದಲಿಸುವ ರೆಸಜುರಿನ್ ಹಾಕಿ ನೋಡುವುದು ವಾಸಿ.

ಪಂಪ್ ತಡೆಯುವ ಸರ್ಪಗಂಧದ ರೆಸರ್ಪಿನ್, ಮಿಲಿಲೀಟರಿಗೆ 20 ಮೈಕ್ರೋಗ್ರಾಂನಲ್ಲಿ, ಹೋಲಿಕೆಗೆ ಹಳೆಯ, ನಂಬಿಕಸ್ಥ ಕಂಟ್ರೋಲ್. ಬೆಳಕು ತಾಗಿದರೆ ಕೆಡುತ್ತದೆ, ಟ್ಯೂಬಿಗೆ ಫಾಯಿಲ್ ಸುತ್ತಿ. ಪಂಪ್ ತಡೆಯಲು ಬೇಕಾದ ಪ್ರಮಾಣ ಮನುಷ್ಯರಿಗೆ ವಿಷವಾದ್ದರಿಂದ ಔಷಧವಾಗುವ ಆಸೆ ಇಲ್ಲ. ಪೈಪರಿನ್ ಕೂಡ ಇತರ ಔಷಧಗಳ ಮಟ್ಟವನ್ನು ರಕ್ತದಲ್ಲಿ ಏರಿಸಬಲ್ಲದು.

ಬರ್ಬೆರಿನ್ ಕಥೆಯೇ ಬೇರೆ: ನೋರ್‌ಎ ಅದನ್ನೂ ಹೊರದಬ್ಬುತ್ತದೆ. ಪಂಪ್ ತಡೆಯುವ ವಸ್ತುವನ್ನು ಪರೀಕ್ಷಿಸುವಾಗ ಸಿಪ್ರೊಫ್ಲಾಕ್ಸಸಿನ್ ಜಾಗದಲ್ಲಿಡಲು ಚೆನ್ನ. ಆದರೆ ತಾನೇ ಹೊಳೆಯುವುದರಿಂದ ಎಥಿಡಿಯಂ ಬ್ರೋಮೈಡ್ ಎಂಬ ಹೊಳೆಯುವ ಬಣ್ಣದಿಂದ ಪಂಪಿನ ಕೆಲಸ ಅಳೆಯುವುದನ್ನು ಕೆಡಿಸುತ್ತದೆ.

ಹೊಸ ಸಸ್ಯಸಾರ ಪರೀಕ್ಷಿಸುವವರಿಗೆ ರೆಸರ್ಪಿನ್ ಕಂಟ್ರೋಲ್ ಬೇಕೇಬೇಕು. ಬಜೆಟ್ ಕಡಿಮೆಯಿದ್ದು ಪ್ರತಿಜೀವಕದೊಂದಿಗಿನ ಜೋಡಿ ಪರಿಣಾಮವಷ್ಟೇ ನೋಡುವುದಾದರೆ ಪೈಪರಿನ್ ಸಾಕು. ಈ ಜೋಡಿ ಪರಿಣಾಮವನ್ನು ಅಳೆಯುವ ಎಫ್‌ಐಸಿ ಸೂಚ್ಯಂಕ 0.5 ಅಥವಾ ಕಡಿಮೆ ಬಂದು ಎರಡೂ ಪರಸ್ಪರ ಬಲಪಡಿಸುತ್ತವೆಂದು ತೋರಿದರೂ, ನೋರ್‌ಎ ಜೀನ್ ಇಲ್ಲದ ತಳಿಯಲ್ಲೂ ಅಷ್ಟೇ ಪರಿಣಾಮ ಕಂಡರೆ ಕೆಲಸ ಮಾಡಿದ್ದು ಆ ಪಂಪಿನ ಮೇಲಲ್ಲ.