ಅಮ್ಮನ ಬಲಗಣ್ಣಿನ ಏಳು ತಿಂಗಳು

ಕಿಟಕಿಯ ಸರಳುಗಳು ಸೊಟ್ಟಗೆ ಕಾಣುತ್ತಿವೆ ಎಂದು ಅಮ್ಮ ಹೇಳಿದಾಗ ನಾನು ಕೊಟ್ಟ ಉತ್ತರ: "ಕನ್ನಡಕ ಒರೆಸಿಕೊಳ್ಳಮ್ಮ." ಅದಾಗಿ ಏಳು ತಿಂಗಳಿಗೆ ಅವಳನ್ನು ಅಕ್ಷಿಪಟಲದ (ಕಣ್ಣಿನ ಹಿಂಭಾಗದ ಪರದೆ, ರೆಟಿನಾ) ತಜ್ಞರ ಮುಂದೆ ಕೂರಿಸಿದೆ. ಬಲಗಣ್ಣಿಗೆ ಫಲಕದ ಅತಿ ದೊಡ್ಡ ಅಕ್ಷರವೂ ಕಾಣಲಿಲ್ಲ. ಎದುರಿಗೆ ನಿಂತವರ ಮುಖವಿರಬೇಕಾದ ಕಡೆ ಬೂದು ಕಲೆ, ಸುತ್ತಲಿನದೆಲ್ಲ ಸರಿ. ಮ್ಯಾಕ್ಯುಲಾದ, ಅಂದರೆ ಅಕ್ಷಿಪಟಲದ ನಡುಭಾಗದ ಸವೆತ, ಅದರಲ್ಲೂ ‘ವೆಟ್’ ಬಗೆ ಎಂದರು.

ಅಷ್ಟು ದಿನ ಏಕೆ ತಿಳಿಯಲಿಲ್ಲ? ನೋವಿರಲಿಲ್ಲ, ಕಣ್ಣು ಕೆಂಪಾಗಿರಲಿಲ್ಲ. ಎರಡೂ ಕಣ್ಣು ತೆರೆದಿರುವಾಗ ಚೆನ್ನಾಗಿದ್ದ ಎಡಗಣ್ಣು ಬಲಗಣ್ಣಿನ ಕೆಲಸವನ್ನೂ ಹೊತ್ತುಕೊಂಡಿತ್ತು. ಮೊದಲ ಕಣ್ಣಿಗೆ ಬಂದದ್ದು ತಡವಾಗಿ ಗೊತ್ತಾಗುವುದು, ಎರಡನೆಯದು ಬೇಗ ಸಿಕ್ಕಿಬೀಳುವುದು ಸಾಮಾನ್ಯವಂತೆ. ಅಷ್ಟರಲ್ಲಿ ತಪಾಸಣೆಯ ರೂಢಿ ಆಗಿರುತ್ತದೆ. ಕನ್ನಡಕದ ಅಂಗಡಿಯವರು ಎರಡು ಸಲ ನಂಬರ್ ಬದಲಿಸಿಕೊಟ್ಟರು, ಕಣ್ಣಿನೊಳಗೆ ಇಣುಕಲಿಲ್ಲ. ಆಮೇಲೆ ನಾವೇ ವೈದ್ಯರಾಗಿ ‘ಪೊರೆ ಇರಬೇಕು, ಬಲಿಯಲಿ’ ಎಂದು ತೀರ್ಮಾನಿಸಿದೆವು. ಪೊರೆ ಬಂದರೆ ನೋಟ ಮಂಜಾಗುತ್ತದೆ, ನೇರ ಗೆರೆ ಬಳುಕುವುದು ಅದರ ಲಕ್ಷಣವಲ್ಲ; ಇದು ಗೊತ್ತಿದ್ದರೆ ಸಾಕಿತ್ತು. ಅಮ್ಮ ಒಬ್ಬಳೇ ಇರುತ್ತಾಳೆ. ಒಮ್ಮೆ ಹೇಳಿ ಬೈಸಿಕೊಂಡ ಮೇಲೆ ಮತ್ತೆ ಬಾಯಿಬಿಡಲಿಲ್ಲ. ಅವಳು ಪತ್ರಿಕೆ ಓದುವುದನ್ನು ಬಿಟ್ಟಾಗ ವಯಸ್ಸಾಯಿತು ಎಂದುಕೊಂಡೆವು.

ಈ ‘ವೆಟ್’ ಬಗೆಯಲ್ಲಿ ಅಕ್ಷಿಪಟಲದ ನಡುಭಾಗದ ಅಡಿ ಹೊಸ ರಕ್ತನಾಳಗಳು ಬೆಳೆದು ಸೋರುತ್ತವೆ. ಕಣ್ಣಿನೊಳಕ್ಕೆ ಕೊಡುವ ಚುಚ್ಚುಮದ್ದು ಆ ಸೋರಿಕೆಯನ್ನು ತಡೆಯುತ್ತದೆ, ಒಮ್ಮೊಮ್ಮೆ ನೋಟ ತುಸು ಸುಧಾರಿಸುವುದೂ ಉಂಟು. ಆದರೆ ಗಾಯ ಕಟ್ಟಿಹೋದ ಜಾಗಕ್ಕೆ ಅದರಿಂದ ಉಪಯೋಗವಿಲ್ಲ. ಚಿಕಿತ್ಸೆ ಶುರುವಾದ ದಿನ ಉಳಿದಿದ್ದ ದೃಷ್ಟಿಯೇ ಬಹುಮಟ್ಟಿಗೆ ಬಂಡವಾಳ. ನಾವು ಅದನ್ನು ಕಳೆದುಕೊಂಡು ಹೋಗಿದ್ದೆವು.

ಮನೆಯಲ್ಲಿ 50 ದಾಟಿದವರಿದ್ದರೆ, ಮುಖ್ಯವಾಗಿ ಸಿಗರೇಟು ಸೇದುವವರು ಅಥವಾ ಹೆತ್ತವರಿಗೋ ಒಡಹುಟ್ಟಿದವರಿಗೋ ಈ ರೋಗವಿದ್ದವರು, ಕನ್ನಡಕ ಹಾಕಿಕೊಂಡು ಒಂದೊಂದೇ ಕಣ್ಣು ಮುಚ್ಚಿ ಬಾಗಿಲಿನ ಅಂಚನ್ನೋ ಚೌಕುಳಿ ಕಾಗದವನ್ನೋ ನೋಡಲಿ. ಇದಕ್ಕೆಂದೇ ನಡುವೆ ಚುಕ್ಕೆಯಿರುವ ಆಮ್ಸ್ಲರ್ ಚೌಕ ಸಿಗುತ್ತದೆ. ಗೆರೆ ಡೊಂಕಾದರೆ, ನಡುವೆ ಅಳಿಸಿದಂತಾದರೆ, ಕನ್ನಡಕದ ಅಂಗಡಿಗಲ್ಲ, ಪಾಪೆ ಹಿಗ್ಗಿಸುವ ಹನಿ ಹಾಕಿ ಅಕ್ಷಿಪಟಲ ಪರೀಕ್ಷಿಸುವ ವೈದ್ಯರ ಬಳಿ ಆ ವಾರದೊಳಗೇ ಹೋಗಿ. ಚೌಕ ನೆಟ್ಟಗೆ ಕಂಡಿತೆಂದು ತಪಾಸಣೆಯನ್ನು ಮಾತ್ರ ತಪ್ಪಿಸಬೇಡಿ. ಶುರುವಿನ ಬದಲಾವಣೆ ಅದಕ್ಕೆ ಸಿಗದೇ ಹೋಗಬಹುದು.

ಅಮ್ಮ ಈಗ ದಿನಾ ಬೆಳಿಗ್ಗೆ ಬಲಗಣ್ಣು ಮುಚ್ಚಿಕೊಂಡು ಅದೇ ಕಿಟಕಿಯ ಮುಂದೆ ನಿಲ್ಲುತ್ತಾಳೆ. ಆಮೇಲೆ ನನಗೆ ಫೋನ್ ಬರುತ್ತದೆ: "ಇವತ್ತು ನೆಟ್ಟಗಿವೆ."